ಏಕವಚನ

ನನ್ನ ಬಲಗೈ ನಡುಗತೊಡಗಿದ್ದು ಒಂದು ಮಂಗಳವಾರ, ಹಳೇಮನಿ ಮಾಸ್ತರರ ಕೈಗಡಿಯಾರ ಬಿಚ್ಚಿ ಮುಂದೆ ಹರವಿಕೊಂಡಿದ್ದಾಗ. ಚಿಮುಟದ ತುದಿಯಲ್ಲಿದ್ದ ಸಾಸಿವೆಯಷ್ಟು ಸ್ಕ್ರೂ ತಾನಾಗಿ ಕುಣಿಯಿತು, ಕೆಳಗೆ ಬಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಮಾಸ್ತರರು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಊರಿನ ಅರ್ಧ ಜನರ ಕೈಗೆ ಮೊದಲ ಪೆನ್ಸಿಲ್ ಕೊಟ್ಟವರು ಅವರೇ. ನನ್ನ ಬೆರಳುಗಳನ್ನು ಒಂದು ಗಳಿಗೆ ನೋಡಿ, "ಚಂದ್ರಾಮ ಅವರೆ, ಗಡಿಯಾರ ಹೋದ್ರ ಹೋಗ್ಲಿ ಬಿಡ್ರಿ. ನಿಮ್ಮ ಕೈ ಡಾಕ್ಟರಿಗೆ ತೋರಿಸ್ರಿ" ಎಂದರು. ಚಡ್ಡಿ ಹಾಕುವ ಕಾಲದಿಂದ ನನ್ನನ್ನು ಬಲ್ಲವರು. ಆದರೂ ನಾನು ಅವರಿಗೆ 'ಅವರೆ'. ನಮ್ಮೂರಲ್ಲಿ ಎಲ್ಲರೂ ಎಲ್ಲರಿಗೂ 'ಅವರೆ'.

ಡಾಕ್ಟರು ನನ್ನ ಕೈ ನೋಡುವ ಮೊದಲು ಸೊಂಟ ನೋಡಿದರು. "ಇಂಥಾ ಕೈಯಾಗ ಪಿಸ್ತೂಲು ಇರೂದು ಚಲೋ ಅಲ್ರಿ" ಎಂದು ಮೆಲ್ಲಗೆ, ನನಗೆ ನೋವಾಗದಂತೆ ಹೇಳಿ, ಒಂದು ಪತ್ರ ಬರೆದರು. ಅದನ್ನು ತೆಗೆದುಕೊಂಡು ಪುರಸಭೆಗೆ ಹೋದೆ. ಅಲ್ಲಿ ನನ್ನ ಪಿಸ್ತೂಲು ತೆಗೆದುಕೊಂಡು, ಹಸಿರು ಬಣ್ಣದ ವಿನಾಯಿತಿ ಚೀಟಿ ಕೊಟ್ಟು, ಗುಮಾಸ್ತರು ಎದ್ದು ನಿಂತು ಕೈಮುಗಿದರು. ಸತ್ತವರ ಮನೆಯವರಿಗೆ ಕೈಮುಗಿಯುತ್ತಾರಲ್ಲ, ಹಾಗೆ. ಇಪ್ಪತ್ತೊಂದು ತುಂಬಿದ ಯಾರೂ ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲಿಲ್ಲದೆ ಹೊಸ್ತಿಲು ದಾಟಬಾರದೆಂಬುದು ಹದಿನೆಂಟು ವರ್ಷದಿಂದ ನಮ್ಮೂರಿನ ಕಾಯ್ದೆ. ಅಂದಿನಿಂದ ಇಡೀ ಊರಲ್ಲಿ ಬರಿಸೊಂಟದ ಮನುಷ್ಯ ನಾನೊಬ್ಬನೇ.

ಪರವೂರಿನವರಿಗೆ ಇದು ಭಯಂಕರ ಅನ್ನಿಸಬಹುದು. ಬಂದು ನೋಡಿದರೆ ಹಾಗೇನೂ ಅನ್ನಿಸುವುದಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ದೊಡ್ಡ ಫಲಕ ಕಾಣುತ್ತದೆ: 'ಈ ಊರಿನಲ್ಲಿ ಹದಿನೆಂಟು ವರ್ಷಗಳಿಂದ ಜಗಳವಾಗಿಲ್ಲ.' ಅದು ಖರೆ. ಸಂತೆಯಲ್ಲಿ ಯಾರೂ ಚೌಕಾಶಿ ಮಾಡುವುದಿಲ್ಲ. ಬದನೆಕಾಯಿ ಹುಳುಕಿದ್ದರೆ, "ಹುಳಾ ಭಾಳ ಆರೋಗ್ಯವಂತ ಅದಾವ್ರಿ" ಎಂದು ಹೊಗಳಿ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಶಾಲೆಯಲ್ಲಿ ಯಾವ ಮಗುವೂ ನಪಾಸಾಗುವುದಿಲ್ಲ, ಏಕೆಂದರೆ ಮಕ್ಕಳಿಗೆ ತಂದೆತಾಯಿ ಇರುತ್ತಾರೆ. ಬಸ್ಸು ಬಂದಾಗ ಬಾಗಿಲಲ್ಲಿ "ನೀವು ಹತ್ರಿ", "ಇಲ್ರಿ, ಮೊದಲ ನೀವು" ಎಂದು ಉಪಚಾರ ಶುರುವಾಗುತ್ತದೆ. ಎಷ್ಟೋ ಸಲ ಬಸ್ಸು ಖಾಲಿಯಾಗಿಯೇ ಹೋಗಿಬಿಡುತ್ತದೆ.

ಜೇಬಿಗೋ ಚೀಲಕ್ಕೋ ಕೈ ಹಾಕುವ ಮೊದಲು ಮಾತ್ರ ಹೇಳಬೇಕು. "ನಾನೀಗ ಕರ್ಚೀಫು ತಗೀತೇನ್ರಿ" ಎಂದು ದೊಡ್ಡ ದನಿಯಲ್ಲಿ ಹೇಳಿ, ಎದುರಿನವರು "ತಗೀರಿ, ತಗೀರಿ" ಎಂದ ಮೇಲೆ ತೆಗೆಯಬೇಕು. ಬೇಸಗೆಯಲ್ಲಿ ಬೆವರುಸಾಲೆ ಏಳುವ ತಿಂಗಳುಗಳು ಸ್ವಲ್ಪ ಕಷ್ಟ. ಸೊಂಟದ ಸುತ್ತ ತುರಿಸಿದರೆ ಮನೆ ಮುಟ್ಟುವ ತನಕ ಹಲ್ಲು ಕಚ್ಚಿ ಹಿಡಿಯಬೇಕು. ಹಾಗೆ ಹಿಡಿಯಲಾರದೆ ಹದಿನೆಂಟು ವರ್ಷದಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ಅವರನ್ನು ಫಲಕದವರು ಲೆಕ್ಕಕ್ಕೆ ಹಿಡಿದಿಲ್ಲ. ಎರಡೂ ಕಡೆ ಯಾರೂ ದನಿ ಎತ್ತಿರಲಿಲ್ಲವಾದ್ದರಿಂದ ಅದು ಜಗಳವಲ್ಲ. ಪುರಸಭೆಯ ದಫ್ತರದಲ್ಲಿ ಅದಕ್ಕೆ 'ತಪ್ಪು ತಿಳುವಳಿಕೆ' ಎಂದು ಹೆಸರು.

ಹೀಗಿರುವಾಗ ಮೊದಲು ಸತ್ತದ್ದು ಏಕವಚನ. 'ನೀನು' ಎಂಬ ಮಾತಿನಿಂದಲೇ ಜಗಳಗಳೆಲ್ಲ ಶುರುವಾಗುವುದೆಂದು ಜನರಿಗೆ ಬೇಗ ತಿಳಿಯಿತು. ಮನೆಯೊಳಗೆ ಪಿಸ್ತೂಲು ಕಟ್ಟಿಕೊಳ್ಳಬೇಕೆಂದಿಲ್ಲ; ಆದರೆ ಮನೆಯಲ್ಲಿ ಸಡಿಲ ಬಿಟ್ಟ ನಾಲಿಗೆ ಬೀದಿಯಲ್ಲಿ ಜಾರಿದರೆ? ಹಾಗಾಗಿ ಒಳಗೂ ಬಹುವಚನವೇ ಗಟ್ಟಿಯಾಯಿತು. ಗಂಡ ಹೆಂಡತಿಗೆ 'ನೀವು', ಅಣ್ಣ ತಮ್ಮನಿಗೆ 'ನೀವು'. ಮಕ್ಕಳನ್ನು ಮಾತ್ರ ಇಪ್ಪತ್ತೊಂದರ ತನಕ ಬಾಯ್ತುಂಬ ಏಕವಚನದಲ್ಲಿ ಕರೆಯಬಹುದಿತ್ತು. ಆ ವಯಸ್ಸು ಹತ್ತಿರ ಬಂದಂತೆ ಎಷ್ಟೋ ತಾಯಂದಿರು ಕಾರಣವಿಲ್ಲದೆ ಮಕ್ಕಳ ಹೆಸರು ಹಿಡಿದು ಕೂಗುತ್ತಿದ್ದರು.

ನನ್ನ ಗಡಿಯಾರದ ಅಂಗಡಿಗೆ ಹೊಂದಿಕೊಂಡೇ ಚಂಪವ್ವನ ಖಾನಾವಳಿ. ಗಂಡ ಬೇಗ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಗ ಗುರುಸಿದ್ಧನನ್ನು ಬೆಳೆಸಿದವಳು. ಅವಳ ಬಾಯಿ ದೊಡ್ಡದು. ಗೋಡೆಯಾಚೆಯಿಂದ ದಿನವೂ "ಲೇ ಸಿದ್ಯಾ, ಎಲ್ಲಿ ಸತ್ತೀಲೇ ಮೂಳಾ, ನೀರ ತುಂಬು ಬಾ" ಎಂಬ ಕೂಗು ಕೇಳುತ್ತಿತ್ತು. ಇಡೀ ಓಣಿಯಲ್ಲಿ ಉಳಿದಿದ್ದ ಒಂದೇ ಏಕವಚನ ಅದು. ಊಟಕ್ಕೆ ಬಂದವರು ಎರಡು ರೊಟ್ಟಿ ಹೆಚ್ಚು ಹಾಕಿಸಿಕೊಂಡು ಕೂತು ಅದನ್ನು ಕೇಳುತ್ತಿದ್ದರು.

ನನ್ನ ಕೈ ನಡುಗಿದ ತಿಂಗಳಲ್ಲೇ ಸಿದ್ಯಾನಿಗೆ ಇಪ್ಪತ್ತೊಂದು ತುಂಬಿತು. ಪುರಸಭೆಯವರು ಬಂದು ಆರತಿ ಮಾಡಿ ಸೊಂಟಕ್ಕೆ ಪಿಸ್ತೂಲು ಕಟ್ಟಿದರು. ಹುಡುಗ ಹೊಸ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದ. ಚಂಪವ್ವ ಒಳಗಿನಿಂದ ಹೋಳಿಗೆಯ ತಟ್ಟೆ ತಂದಳು. "ಲೇ ಸಿ..." ಎಂದು ಬಾಯಿ ತೆರೆದವಳು ಅಲ್ಲಿಗೇ ನುಂಗಿಕೊಂಡು, "ಗುರುಸಿದ್ಧ ಅವರೆ, ಹೋಳಿಗಿ ತಗೋರಿ" ಎಂದಳು. ಹುಡುಗ "ಆಗ್ಲಿ ಅವ್ವಾರ, ನೀವು ತಗೊಂಡ್ರಿಲ್ಲೋ?" ಎಂದ. ಬಂದವರು ಚಪ್ಪಾಳೆ ತಟ್ಟಿದರು. ಮರುದಿನದಿಂದ ಗೋಡೆಯಾಚೆ ಸದ್ದಿಲ್ಲ. ಖಾನಾವಳಿಗೆ ದಿನವಿಡೀ ಗಿರಾಕಿ ಬರುವುದರಿಂದ ಅವಳ ಮನೆಯೇ ಬಹಿರಂಗ ಸ್ಥಳವಾಗಿ ತಾಯಿ ಮಗ ಇಬ್ಬರೂ ಬೆಳಗಿನಿಂದ ಸಂಜೆ ತನಕ ಕಟ್ಟಿಕೊಂಡೇ ಇರಬೇಕಾಗಿತ್ತು.

ಎಂಟು ದಿನ ಕಳೆದಿರಬೇಕು. ಮಧ್ಯಾಹ್ನ ಚಂಪವ್ವ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ರೊಟ್ಟಿ, ಎಣ್ಣೆಗಾಯಿ. ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು. ಆಮೇಲೆ ಒಮ್ಮೆಗೇ, "ಲೇ ಮೂಳಾ, ಉಂಡ ತಾಟು ತೊಳ್ಯಾಕ ಆಗೂದಿಲ್ಲೇನ್ಲೇ ನಿನಗ? ಹಾಸಿಗಿ ಮಡಚಾಕ ಏನ್ ಧಾಡಿ? ಮುಂಜಾನೆ ಒಂಬತ್ತಕ್ಕ ಏಳ್ತೀ, ನಾಚಿಕಿ ಬರೂದಿಲ್ಲಾ?" ಎಂದು ಶುರುಮಾಡಿದಳು. ನಾನು ಬೆಪ್ಪಾಗಿ ಕೂತೆ. ಐದು ನಿಮಿಷ ಬೈದು, ಸೆರಗಿನಿಂದ ಮುಖ ಒರೆಸಿಕೊಂಡು, "ತಪ್ಪ ತಿಳ್ಕೋಬ್ಯಾಡ ಚಂದ್ರಾಮ. ನಿನ್ನ ಸೊಂಟದಾಗ ಏನೂ ಇಲ್ಲ ನೋಡು, ನಿನಗ ಬೈಯಬಹುದು ಅನಿಸ್ತು" ಎಂದಳು. ನನಗೆ ಸಿಟ್ಟು ಬರಲಿಲ್ಲ. ಹದಿನೆಂಟು ವರ್ಷದ ಮೇಲೆ ಒಬ್ಬರು ನನ್ನನ್ನು 'ನೀನು' ಅಂದಿದ್ದರು. ಬೆನ್ನ ಮೇಲೆ ಬಿಸಿನೀರು ಹೊಯ್ದ ಹಾಗಾಯಿತು.

ಅವಳು ದಿನವೂ ಬರತೊಡಗಿದಳು. ಸುದ್ದಿ ಹಬ್ಬಿ ಬೇರೆಯವರೂ ಬಂದರು. ಅಂಚೆ ಕಚೇರಿಯವನೊಬ್ಬ ನನ್ನನ್ನು ತನ್ನ ಮೇಲಧಿಕಾರಿ ಎಂದುಕೊಂಡು ಅರ್ಧ ಗಂಟೆ ಬೈದು, ಬಾಗಿಲ ತನಕ ಹೋದವನು ತಿರುಗಿ ಬಂದು ಮರೆತಿದ್ದ ಇನ್ನೊಂದು ಮಾತು ಬೈದು ಹೋದ. ಒಬ್ಬ ಮದುಮಗಳು ತನ್ನ ಮಾವನನ್ನೂ, ಅದೇ ವಾರ ಅವಳ ಮಾವ ಆ ಮದುಮಗಳನ್ನೂ ನನ್ನಲ್ಲಿ ಬೈದರು. ಬಂದವರೆಲ್ಲ ಸುಮ್ಮನೆ ಬರುತ್ತಿರಲಿಲ್ಲ, ಶೇಂಗಾ ಚಟ್ನಿ, ಮೊಸರು, ಕರದಂಟು ತರುತ್ತಿದ್ದರು. ನಾನು ದಪ್ಪಗಾದೆ. ನನ್ನ ಹೆಂಡತಿ ಶಾರವ್ವ ಮೊದಲು ಅತ್ತಳು. ಆಮೇಲೆ ಒಂದು ಸಂಜೆ ಚಹಾ ಕೊಡುತ್ತ ಮೆಲ್ಲಗೆ, "ತಗೋ ಕುಡಿ" ಎಂದು ಹೇಳಿ ಕೆಂಪಾದಳು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಮರುದಿನ ಕೆಂಪಾಗುವುದನ್ನೂ ಬಿಟ್ಟಳು.

ನಾನಾದರೋ ಎಲ್ಲರಿಗೂ 'ರೀ' ಎಂದೇ ಉತ್ತರ ಕೊಡುತ್ತಿದ್ದೆ. ಅವರ ಸೊಂಟದಲ್ಲಿ ಪಿಸ್ತೂಲಿತ್ತಲ್ಲ. ಒಂದು ದಿನ ಚಂಪವ್ವ ಬೈದು ದಣಿದು ಕೂತವಳು, ಗೋಡೆಗೆ ತೂಗುಹಾಕಿದ ನನ್ನ ಹಸಿರು ಚೀಟಿಯನ್ನು ಕೆಳಗಿಳಿಸಿ, ತಿರುವಿ, ಬೆರಳಿಟ್ಟು ಓದಿದಳು. ಅದರ ಹಿಂದೆ ಸಣ್ಣಕ್ಷರದಲ್ಲಿ ಏನೇನೋ ಅಚ್ಚಾಗಿತ್ತು. ನಾನು ನೋಡಿಯೇ ಇರಲಿಲ್ಲ.

"ಚಂದ್ರಾಮ, ಇಲ್ಲಿ ಕೇಳು" ಎಂದಳು. "'ಎದುರಿನವರ ಹತ್ರ ಪಿಸ್ತೂಲು ಇದ್ದು, ಹೆದರಿಕಿ ಆಗಿ ಗುಂಡು ಹಾರಿಸಿದ್ರ ಅದು ಆತ್ಮರಕ್ಷಣೆ. ಪಿಸ್ತೂಲು ಇಲ್ಲದವರಿಗೆ ಹಾರಿಸಿದ್ರ ಕೊಲೆ, ಗಲ್ಲು.' ಹಂಗಂದ್ರ ನಿನ್ನ ಮ್ಯಾಲೆ ಯಾರೂ ಗುಂಡು ಹಾರಿಸೂವಂಗಿಲ್ಲ!"

"ಹಂಗೇನ್ರಿ?" ಎಂದೆ.

"ಹಂಗs. ನೀ ಯಾರಿಗೆ ಏನರ ಅನ್ನು, ಅವರು ಕೈ ಕಟ್ಕೊಂಡು ಕೇಳಬೇಕು. ಊರಾಗ ಎಲ್ಲಾರಕಿಂತ ಸುರಕ್ಷಿತ ಅಂದ್ರ ನೀನs!" ಅವಳು ಚೀಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಳು. ನನಗೆ ಮಾತ್ರ ಆ ಸಂಗತಿಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಒಂದೆರಡು ಸಲ ಬೀದಿಯಲ್ಲಿ ಯಾರನ್ನಾದರೂ 'ನೀನು' ಅನ್ನಲು ನೋಡಿದೆ. ನಾಲಿಗೆ ಏಳಲಿಲ್ಲ.

ಇದಾದ ಮೇಲೆ ಶ್ರಾವಣದ ಒಂದು ಬೆಳಿಗ್ಗೆ ಹಳೇಮನಿ ಮಾಸ್ತರರು ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಬಸ್ಸಿನ ಫಲಕ ಓದಲು ಕನ್ನಡಕ ಬೇಕಾಯಿತು. "ನಾನೀಗ ಚಷ್ಮಾ ತಗೀತೇನ್ರಿ" ಎಂದರು. ಅವರದು ಮೊದಲೇ ಸಣ್ಣ ದನಿ. ಅದೇ ಹೊತ್ತಿಗೆ ಬಸ್ಸಿನವನು ಹಾರ್ನ್ ಹೊಡೆದ. ಎದುರಿಗೆ ಹಿಟ್ಟಿನ ಚೀಲ ಹೊತ್ತುಕೊಂಡು ನಿಂತಿದ್ದ ಸಿದ್ಯಾನಿಗೆ ಮಾತು ಕೇಳಲಿಲ್ಲ, ಕೋಟಿನೊಳಗೆ ಹೋದ ಕೈ ಕಂಡಿತು. ಪಿಸ್ತೂಲು ಕಟ್ಟಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಹುಡುಗ ಹೆದರಿದ. ಗುಂಡು ಮಾಸ್ತರರ ಎಡ ಮೊಣಕಾಲಿಗೆ ಹೊಕ್ಕಿತು. ಮುಂದಿನ ಕ್ಷಣದಲ್ಲಿ ಚೀಲ ಒಗೆದು, ಓಡಿಹೋಗಿ, ಅವರನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಒಯ್ದವನೂ ಅವನೇ. ಹಿಟ್ಟಿನಲ್ಲಿ ಬಿಳಿಯಾಗಿದ್ದ ಅವನ ಅಂಗಿ ರಕ್ತದಲ್ಲಿ ಕಲಸಿಹೋಗಿತ್ತೆಂದು ನೋಡಿದವರು ಹೇಳಿದರು.

ಎರಡನೆಯ ದಿನ ನಾನು ಮಾಸ್ತರರನ್ನು ನೋಡಲು ಹೋಗಿ ಮಂಚದ ಬದಿಯಲ್ಲಿ ಕೂತಿದ್ದಾಗ ಸಿದ್ಯಾ ಬಂದ. ಕೈಯಲ್ಲಿ ಮೋಸಂಬಿ. ಬಾಗಿಲಲ್ಲೇ ನಿಂತ. ಅವನನ್ನು ಕಂಡದ್ದೇ ಮಾಸ್ತರರು ಪ್ಲಾಸ್ಟರು ಹಾಕಿದ ಕಾಲನ್ನು ಎಳೆದುಕೊಂಡು ಎದ್ದು ಕೂರಲು ನೋಡಿದರು. ಎರಡೂ ಕೈ ಮೇಲೆತ್ತಿ ಜೋಡಿಸಿದರು. "ಬರ್ರಿ ಗುರುಸಿದ್ಧ ಅವರೆ. ತಪ್ಪೆಲ್ಲಾ ನಂದs. ನಾ ಸಣ್ಣ ದನಿಲೆ ಹೇಳಿದೆ. ನಿಮ್ಮ ಗುರಿ ಮಾತ್ರ ಭಾಳ ಚಲೋ ಐತ್ರಿ" ಎಂದರು. ತುಟಿ ನಗುತ್ತಿತ್ತು, ಕಣ್ಣು ಹುಡುಗನ ಸೊಂಟದ ಮೇಲಿತ್ತು. ಸಿದ್ಯಾ ಮೋಸಂಬಿಯನ್ನು ಕೆಳಗಿಟ್ಟ. ಹಿಂದಕ್ಕೆ ನಡೆದುಕೊಂಡೇ ಹೊರಗೆ ಹೋದ.

ಅಂದೇ ಪುರಸಭೆಯ ಗುಮಾಸ್ತರು ಬಂದು 'ತಪ್ಪು ತಿಳುವಳಿಕೆ'ಯ ಕಾಗದಕ್ಕೆ ಇಬ್ಬರ ಸಹಿಯನ್ನೂ ಹಾಕಿಸಿಕೊಂಡರು. ಕಾಗದದ ಕೊನೆಗೆ 'ಪರಸ್ಪರ ಧನ್ಯವಾದಗಳು' ಎಂದು ಮೊದಲೇ ಅಚ್ಚಾಗಿರುತ್ತದೆ.

ಮರುದಿನ ಮಧ್ಯಾಹ್ನ ಸಿದ್ಯಾ ನನ್ನ ಅಂಗಡಿಗೆ ಬಂದ. ಎಲ್ಲರಂತೆ ಬೈಯಲು ಬಂದಿರಬೇಕೆಂದುಕೊಂಡು ನಾನು ಕುರ್ಚಿಯಲ್ಲಿ ಸರಿಯಾಗಿ ಕೂತೆ. ಅವನು ನೆಲದ ಮೇಲೆ ಕೂತು, "ಕಾಕಾ, ನನಗ ಬೈರಿ" ಎಂದ.

"ಏನಂದ್ರಿ?"

"ಯಾರೂ ಬೈವಲ್ರು ಕಾಕಾ. ಮಾಸ್ತರು ನನ್ನ ಗುರಿ ಹೊಗಳತಾರ. ಫೌಜದಾರ ಸಾಹೇಬ್ರು ಬೆನ್ನ ಚಪ್ಪರಿಸಿದ್ರು. ನಮ್ಮವ್ವ, 'ಗುರುಸಿದ್ಧ ಅವರೆ, ಊಟಾ ಮಾಡ್ರಿ' ಅಂತಾಳ. ಊಟಾ ಹೆಂಗ ಇಳೀತೈತ್ರಿ? ನೀವರ ಬೈರಿ. ನಿಮಗ ಏನೂ ಆಗೂದಿಲ್ಲ, ಚೀಟಿಯೊಳಗ ಬರದೈತಂತ."

ನಾನು ಪ್ರಯತ್ನ ಮಾಡಿದೆ, ಪ್ರಾಮಾಣಿಕವಾಗಿ ಮಾಡಿದೆ. ಗಂಟಲು ಸರಿಮಾಡಿಕೊಂಡೆ. ಮುಖ ಗಂಟು ಹಾಕಿದೆ. ಅವನ ಸೊಂಟ ನೋಡಬಾರದೆಂದು ಗೋಡೆ ನೋಡಿದೆ. ಕೊನೆಗೆ ನನ್ನ ಬಾಯಿಂದ ಬಂದದ್ದು, "ನೀವು ಮಾಡಿದ್ದು... ಅಷ್ಟು ಸರಿ ಅಲ್ಲ ಅಂತ ನನಗ ಅನಸ್ತದರಿ."

ಅವನು ತಲೆಯೆತ್ತಿ ನೋಡಿದ. "ಇದು ಬೈಗುಳ ಅಲ್ರಿ ಕಾಕಾ. ಅರ್ಜಿ" ಎಂದ. ಎದ್ದು ಹೋದ.

ಮೂರು ದಿನ ಚಂಪವ್ವ ಬಂದಿರಲಿಲ್ಲ. ನಾಲ್ಕನೆಯ ದಿನ ಬಂದಳು. ತಟ್ಟೆ ತಂದಿರಲಿಲ್ಲ. ಬೈಯಲೂ ಇಲ್ಲ. ಸ್ಟೂಲಿನ ಮೇಲೆ ಕೂತು, "ನಿನಗ ಬೈದ್ರ ಅವಗ ಮುಟ್ಟೂದಿಲ್ಲ ಚಂದ್ರಾಮ" ಎಂದಳು. "ಹುಡುಗ ಒಳಗs ಕೊಳ್ಯಾಕತ್ತೇತಿ. ಬೈಸ್ಕೊಂಡು ಅತ್ತಿದ್ರ ಹಗುರ ಆಗತಿತ್ತು. ಹೆತ್ತಾಕಿ ನಾ ಬಾಯಿ ತಗದ್ರ ಅವನ ಕೈ ತಾನs ಸೊಂಟಕ್ಕ ಹೊಕ್ಕೈತಿ, ಮನಸು ಬ್ಯಾಡ ಅಂದ್ರೂ. ನನ್ನ ಕೈನೂ ಹಂಗs. ಕಲಿಸ್ಯಾರಲ್ಲ." ಅಷ್ಟು ಹೇಳಿ, ಮತ್ತೊಮ್ಮೆ ಆ ಹಸಿರು ಚೀಟಿಯನ್ನು ತಿರುವಿ ನೋಡಿ ಹೋದಳು.

ಪುರಸಭೆಯವರು ಇಬ್ಬರಿಗೂ ಸನ್ಮಾನ ಇಟ್ಟುಕೊಂಡರು: ಜಾಗರೂಕತೆಗಾಗಿ ಗುರುಸಿದ್ಧನಿಗೆ, ಸಹನೆಗಾಗಿ ಮಾಸ್ತರರಿಗೆ. ಸಭಾಭವನ ತುಂಬಿತ್ತು. ನಮ್ಮಲ್ಲಿ ಸಭೆಯೆಂದರೆ ಎಲ್ಲರೂ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಕಾಣುವಂತೆ ಇಟ್ಟು ಕೂರುವುದು. ಚಪ್ಪಾಳೆಯನ್ನು ಸಾಲುಸಾಲಾಗಿ, ಸರದಿಯ ಮೇಲೆ ತಟ್ಟುವುದು. ವೇದಿಕೆಯ ಮೇಲೆ ಒಂದು ಕಡೆ ಮಾಸ್ತರರು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಇನ್ನೊಂದು ಕಡೆ ಸಿದ್ಯಾ. ಇಬ್ಬರಿಗೂ ಒಂದೇ ಬಣ್ಣದ ಶಾಲು, ಒಂದೊಂದು ಹಣ್ಣಿನ ಬುಟ್ಟಿ.

ಅಧ್ಯಕ್ಷ ತೋಟಪ್ಪನವರು ಒಳ್ಳೆಯ ಮಾತುಗಾರರು. "ಈ ಘಟನೆಯಿಂದ ನಾವು ಕಲಿಯಬೇಕಾದ ಪಾಠ ಏನ್ರಿ?" ಎಂದು ಕೇಳಿದರು. "ಮಾಸ್ತರ ಬಲಗೈ ಚಷ್ಮಾದ ಕಡೆ ಇತ್ತು. ಅಂದ್ರ ಆ ಗಳಿಗ್ಯಾಗ ಅವರು ನಿರಾಯುಧರು. ಎಡಗೈಗೆ ಇನ್ನೊಂದು ಪಿಸ್ತೂಲು ಇದ್ದಿದ್ರ ಇಂಥಾ ಅನಾಹುತ ಆಗತಿರಲಿಲ್ಲ. ಅದಕ್ಕs ಇನ್ನು ಮುಂದ ಪ್ರತಿಯೊಬ್ರಿಗೂ ಎರಡು ಪಿಸ್ತೂಲು ಅಂತ ಠರಾವು ತಂದೇವ್ರಿ. ಪರ, ವಿರೋಧ ಎರಡೂ ಚರ್ಚಾ ಆಗಲಿ."

ಪರವಾಗಿ ಆರು ಮಂದಿ ಮಾತಾಡಿದರು. ವಿರೋಧವಾಗಿ ಮಾತಾಡಲು ಒಬ್ಬ ವಕೀಲರು ಹೆಸರು ಕೊಟ್ಟಿದ್ದರು. ಅವರು ಎದ್ದು, "ಎರಡನೇ ಪಿಸ್ತೂಲಿನ ಬಗ್ಗೆ ನನಗೊಂದು ಸಣ್ಣ ಸಂಶಯ ಇತ್ತು. ಅಧ್ಯಕ್ಷರ ಮುಖ ನೋಡಿದ ಮೇಲೆ ಅದು ಪರಿಹಾರ ಆಗೇತ್ರಿ" ಎಂದು ಕೂತರು. ಅವರಿಗೂ ಸರದಿಯ ಚಪ್ಪಾಳೆ ಬಿತ್ತು.

ಆಮೇಲೆ ಅಧ್ಯಕ್ಷರು ನನ್ನನ್ನು ಕರೆದರು. ಊರಿನ ಏಕೈಕ ನಿರಾಯುಧನ ಬದುಕು ಎಂಥ ಭಯದ್ದೆಂದು ನಾನು ನಾಲ್ಕು ಮಾತು ಹೇಳಿದರೆ ಠರಾವಿಗೆ ತೂಕ ಬರುತ್ತದೆಂದು ಅವರ ಎಣಿಕೆ. ನಾನು ಮೈಕಿನ ಮುಂದೆ ನಿಂತೆ. ಕೈ ನಡುಗುತ್ತಿತ್ತು, ಅದು ಹೇಗೂ ನಡುಗುತ್ತದೆ. "ನನಗ ಹೆದರಿಕಿ ಇಲ್ರಿ" ಎಂದೆ. ಬೇರೆ ಏನು ಹೇಳಬೇಕೋ ಹೊಳೆಯಲಿಲ್ಲ. "ಖರೇನs ಇಲ್ರಿ. ಎಲ್ಲಾರೂ ಬಂದು ನನಗ ಬೈತಾರ. ಚಲೋ ಅನಸ್ತದ."

ಅಧ್ಯಕ್ಷರು ಮೈಕನ್ನು ಸರಕ್ಕನೆ ತಮ್ಮ ಕಡೆ ಎಳೆದುಕೊಂಡು, "ನೋಡ್ರಿ, ಪಾಪ, ಹೆದರಿಕಿಯಿಂದ ಏನೇನೋ ಮಾತಾಡಾಕತ್ತಾರ" ಎಂದರು.

ಆಗ ಎರಡನೆಯ ಸಾಲಿನಲ್ಲಿ ಚಂಪವ್ವ ಎದ್ದು ನಿಂತಳು. ಏನನ್ನೂ ಸಾರದೆ ಸೊಂಟಕ್ಕೆ ಕೈ ಹಾಕಿದಳು. ನೂರಾರು ಕುರ್ಚಿಗಳು ಒಮ್ಮೆಗೇ ಉರುಳಿದವು; ಇಡೀ ಊರು ನೆಲಕ್ಕೆ ಮಲಗಿತು. ವಕೀಲರು ಮೇಜಿನ ಕೆಳಗೆ ಹೋದರು. ಅವಳು ಅವಸರವಿಲ್ಲದೆ ಬಕ್ಕಲು ಬಿಚ್ಚಿ, ಪಟ್ಟಿಯೊಂದಿಗೆ ಪಿಸ್ತೂಲನ್ನು ತೆಗೆದು, ಮಲಗಿದವರನ್ನು ದಾಟಿಕೊಂಡು ವೇದಿಕೆ ಹತ್ತಿ, ಹಣ್ಣಿನ ಬುಟ್ಟಿಯ ಬದಿಗೆ ಇಟ್ಟಳು. ಎರಡೂ ಅಂಗೈ ಎತ್ತಿ ತೋರಿಸಿದಳು.

"ಎಲ್ಲಾರೂ ನೋಡ್ರಿ. ನನ್ನ ಹತ್ರ ಏನೂ ಇಲ್ಲ. ಈಗ ನನಗ ಗುಂಡು ಹಾಕಿದವರಿಗೆ ಗಲ್ಲು ಅಂತ ನಿಮ್ಮ ಕಾಗದದಾಗ ಬರದೀರಿ."

ಆಮೇಲೆ ಮಗನ ಕಡೆ ತಿರುಗಿದಳು.

"ಲೇ ಸಿದ್ಯಾ!"

ಎರಡು ತಿಂಗಳಿಂದ ಯಾರೂ ಕೇಳಿರದಿದ್ದ ಆ ಕೂಗಿಗೆ ಮಲಗಿದವರೆಲ್ಲ ತಲೆಯೆತ್ತಿದರು.

"ಕಲಿಸಿದ ಮಾಸ್ತರ ಕಾಲ ಮುರದು ಶಾಲು ಹೊದಕೊಂಡು ಕುಂತೀಯೇನ್ಲೇ? ಮೈಮ್ಯಾಲೆ ಹೆಂಗ ನಿಂತೈತಿ ಅದು? ಅ ಆ ಬರಿಯಾಕ ಬರದ ಕೈಯಾಗ ಮೊದಲ ಆನಿ ಚಿತ್ರಾ ತಗಸಿದವ್ರ ಅವ್ರು. ಆ ಕೈಲೇ ಅವರಿಗೆ ಗುಂಡು ಹಾಕಿದಿ! ಹೆದರಿದ್ಯಂತ, ಹೆದರಿದ್ರ ಓಡಿ ಬರಬೇಕಿತ್ತಲೇ ಮನೀಗೆ, ನಾ ಸತ್ತಿದ್ನೇನು? ತಗೀ ಆ ಶಾಲು, ತಗೀ!" ಎಂದು ಕೆನ್ನೆಗೆ ಒಂದು ಬಾರಿಸಿದಳು.

ಸಿದ್ಯಾ ಶಾಲು ಕಿತ್ತೊಗೆದ. ಅವನ ಬಲಗೈ ಸೊಂಟದ ತನಕ ಹೋಗಿ ಅಲ್ಲೇ ನಿಂತದ್ದನ್ನು ನಾನು ನೋಡಿದೆ. ಆ ಕೈಯನ್ನು ಅವನೂ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಐದು ವರ್ಷದವನಂತೆ ಬಿಕ್ಕಿದ. ಹಾಗೇ ಅಳುತ್ತ ಹೋಗಿ ಮಾಸ್ತರರ ಕಾಲಿಗೆ ಬಿದ್ದ. ಕಣ್ಣು ಕಾಣದೆ ಪ್ಲಾಸ್ಟರಿನ ಕಾಲನ್ನೇ ಬಿಗಿಯಾಗಿ ಅಪ್ಪಿಕೊಂಡ.

"ಅಯ್ಯಯ್ಯೋ! ಆ ಕಾಲ ಬಿಡಲೇ ಕತ್ತೀ! ಜೀವ ಹೊಂಟೈತಿ, ಬಿಡಲೇ!" ಎಂದು ಮಾಸ್ತರರು ಕಿರುಚಿದರು.

ಸಿದ್ಯಾ ಥಟ್ಟನೆ ಬಿಟ್ಟ. ಬಾಯಿಂದ ಬಿದ್ದ ಮಾತನ್ನು ಮಾಸ್ತರರು ಗಾಬರಿಯಿಂದ ಹಿಂದಕ್ಕೆ ಎತ್ತಿಕೊಳ್ಳಲು ಹುಡುಕುವವರಂತೆ ಸುತ್ತ ನೋಡಿದರು. ಯಾರೂ ಗುಂಡು ಹಾರಿಸಲಿಲ್ಲ. ಅವರು ಕೈಯನ್ನು ನಿಧಾನವಾಗಿ ಮುಂದೆ ಚಾಚಿ ಹುಡುಗನ ತಲೆಯ ಮೇಲೆ ಇಟ್ಟರು. "ಭಾಳ ನೋವಾಗೇತಲೇ ಸಿದ್ಯಾ" ಎಂದರು, ಈ ಸಲ ಮೆಲ್ಲಗೆ. "ರಾತ್ರಿ ನಿದ್ದಿ ಬರೂದಿಲ್ಲ."

"ಹೌದ್ರಿ ಸರ್" ಎಂದ ಸಿದ್ಯಾ.

ಫೌಜದಾರರು ಕುರ್ಚಿಗಳ ನಡುವಿನಿಂದ ಎದ್ದು, ಟೋಪಿ ಸರಿಮಾಡಿಕೊಂಡು ಬಂದರು. "ಚಂಪವ್ವಾರ, ಬಹಿರಂಗ ಸ್ಥಳದಾಗ ಪಿಸ್ತೂಲು ಬಿಚ್ಚಿದ್ದಕ್ಕ ನಿಮ್ಮನ್ನ ದಸ್ತಗಿರಿ ಮಾಡಬೇಕಾಗೇತ್ರಿ. ನಿಮಗ ಅನುಕೂಲ ಆಗೂದಾದ್ರ ಈಗs" ಎಂದರು. ಚಂಪವ್ವ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. ಅವಳು ಹೋದ ಮೇಲೆ ಕುರ್ಚಿಗಳನ್ನೆಲ್ಲ ಎತ್ತಿ ನಿಲ್ಲಿಸಿ, ಎರಡನೇ ಪಿಸ್ತೂಲಿನ ಠರಾವನ್ನು ಸರ್ವಾನುಮತದಿಂದ ಪಾಸು ಮಾಡಲಾಯಿತು.

ಅವಳಿಗೆ ಮೂರು ವಾರದ ಲಾಕಪ್ಪಾಯಿತು. ಲಾಕಪ್ಪಿನೊಳಗೆ ಯಾರೂ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಎಲ್ಲ ಊರಿನ ಲಾಕಪ್ಪಿಗೂ ಇರುವ ನಿಯಮವೇ ಅದು. ಸಿದ್ಯಾ ದಿನವೂ ತಾನೇ ರೊಟ್ಟಿ ಬಡಿದು ತರುತ್ತಿದ್ದ. ಸರಳಿನಾಚೆಯಿಂದ ಅವಳು, "ಇದು ರೊಟ್ಟೀನೋ ಹೆಂಚೋ? ಹಲ್ಲ ಮುರಿಯಾಕ ತಂದೀಯೇನ್ಲೇ?" ಎಂದು ಬೈಯುವಳು. ಹುಡುಗ ಸರಳು ಹಿಡಿದು ನಿಂತು ಕೇಳುವನು. ನಾಲ್ಕನೆಯ ದಿನಕ್ಕೆ ಅವನ ಮುಖಕ್ಕೆ ಬಣ್ಣ ಬಂತು. ಆರನೆಯ ದಿನ ಅವನೇ ಎರಡು ರೊಟ್ಟಿ ಉಂಡು ಬಂದಿದ್ದ.

ಬಿಡುಗಡೆಯ ದಿನ ನಾನೂ ಹೋಗಿದ್ದೆ. ಫೌಜದಾರರು ಬಾಗಿಲು ತೆರೆದು ಪಟ್ಟಿಯನ್ನು ಮುಂದೆ ಹಿಡಿದರು. ಈಗ ಅದಕ್ಕೆ ಎರಡು ಪಿಸ್ತೂಲಿದ್ದವು. ಚಂಪವ್ವ ಮುಟ್ಟಲಿಲ್ಲ.

"ಸಾಹೇಬ್ರ, ಇದನ್ನ ಕಟ್ಕೊಂಡ ಮ್ಯಾಲೆ ಇವನ್ನ ನಾ ಏನಂತ ಕರೀಬೇಕ್ರಿ?" ಎಂದು ಮಗನನ್ನು ತೋರಿಸಿದಳು.

"ಗುರುಸಿದ್ಧ ಅವರೆ ಅಂತ ಕರದ್ರ ಚಲೋರಿ" ಎಂದರು ಫೌಜದಾರರು, ಕಣ್ಣು ತಪ್ಪಿಸಿ.

ಅವಳು ಹಿಂದಿರುಗಿ ಒಳಗೆ ಹೋಗಿ ಕೂತಳು. ಸಿದ್ಯಾ ತನ್ನ ಪಟ್ಟಿ ಬಿಚ್ಚಿ ಫೌಜದಾರರ ಮೇಜಿನ ಮೇಲಿಟ್ಟು, "ನನ್ನೂ ಹಾಕ್ರಿ ಒಳಗ" ಎಂದ. ಸಾಯಂಕಾಲ ಮಾಸ್ತರರು ಊರುಗೋಲಿನ ಮೇಲೆ ಬಂದು, ಸೊಂಟದಿಂದ ತಮ್ಮ ಎರಡೂ ಪಿಸ್ತೂಲುಗಳನ್ನು ಬಿಚ್ಚಿಟ್ಟರು. ಮರುದಿನ ಅಂಚೆಯವನು ಬಂದ. ಆ ಮದುಮಗಳು ಮತ್ತು ಅವಳ ಮಾವ ಒಟ್ಟಿಗೇ ಬಂದರು. ನನ್ನ ಶಾರವ್ವನೂ ಬಟ್ಟೆಗಂಟು ಕಟ್ಟಿಕೊಂಡು ಹೋದಳು. ಎಂಟು ಮಂದಿಯ ಲಾಕಪ್ಪಿನಲ್ಲಿ ಮೂವತ್ತು ಮಂದಿಯಾದರು. ಫ್ಯಾನಿನ ಕೆಳಗೆ ಯಾರು ಮಲಗಬೇಕೆಂದು ಅವರು ಗಂಟಲು ಹರಿಯುವಂತೆ ಜಗಳವಾಡುವುದು ಎರಡು ಓಣಿಯ ತನಕ ಕೇಳುತ್ತಿತ್ತು. ಬೀದಿಯಲ್ಲಿ ಹೋಗುವವರು ನಿಂತು ಕೇಳಿ, ನಿಟ್ಟುಸಿರು ಬಿಟ್ಟು, ಮನೆಗೆ ಹೋಗಿ ಯೋಚಿಸಿ, ಮರುದಿನ ಬರುತ್ತಿದ್ದರು. ನನ್ನನ್ನೂ ಒಳಗೆ ಹಾಕಿರೆಂದು ನಾನು ಬಾಗಿಲಿಗೆ ಹೋಗಿ ಕೇಳಿಕೊಂಡೆ. ನನ್ನ ಹತ್ತಿರ ಬಿಚ್ಚಿಡಲು ಏನೂ ಇಲ್ಲವಾದ್ದರಿಂದ ಒಳಗೆ ಹಾಕಲು ಕಾಯ್ದೆಯಲ್ಲಿ ಕಲಮು ಸಿಗುವುದಿಲ್ಲವೆಂದು ಫೌಜದಾರರು ನೊಂದುಕೊಂಡೇ ಹೇಳಿದರು.

ಲಾಕಪ್ಪನ್ನು ದೊಡ್ಡದು ಮಾಡುವ ಠರಾವೂ ಬಂತು, ಅದೂ ಸರ್ವಾನುಮತದಿಂದ ಪಾಸಾಯಿತು. ಬೇಡವೆನ್ನುವವರು ಅಲ್ಲಿ ಯಾರಿದ್ದರು? ಮೊದಲು ನಾಲ್ಕು ಕೋಣೆ ಅಂದರು. ಆಮೇಲೆ ಪಕ್ಕದ ಶಾಲೆ ಸೇರಿತು, ಆಮೇಲೆ ಸಂತೆ ಮೈದಾನ. ಕಳೆದ ವಾರ ಹರೆಯದ ಎಂಜಿನಿಯರನೊಬ್ಬ ನಕ್ಷೆ ಹಿಡಿದುಕೊಂಡು ನನ್ನ ಮನೆಗೆ ಬಂದ. ನೋಡಿದೆ. ಗೋಡೆಯ ಗೆರೆ ಖಾನಾವಳಿ ಓಣಿ, ಬಸ್ ನಿಲ್ದಾಣ, ಆಸ್ಪತ್ರೆ ಎಲ್ಲವನ್ನೂ ಸುತ್ತಿಕೊಂಡು ಬಂದಿತ್ತು. ಗೋಡೆಯ ಹೊರಗೆ ಉಳಿದದ್ದು ಪುರಸಭೆ ಮತ್ತು ಪಿಸ್ತೂಲಿನ ಉಗ್ರಾಣ, ಅಷ್ಟೇ.

"ಒಂದು ಸಣ್ಣ ತೊಂದರೆ ಐತ್ರಿ" ಎಂದು ಅವನು ಬಹಳ ನಯವಾಗಿ ಹೇಳಿದ. "ಗೋಡೆ ನಿಮ್ಮ ಪಡಸಾಲಿ ನಟ್ಟನಡುವ ಹಾಯ್ತದ್ರಿ. ಅಡಿಗಿಮನಿ ಒಳಗ, ಅಂಗಳ ಹೊರಗ. ನಿಮ್ಮ ಅಭಿಪ್ರಾಯ ಏನ್ರಿ?"

ಅವನ ಸೊಂಟದಲ್ಲಿ ಎಡಕ್ಕೊಂದು ಬಲಕ್ಕೊಂದು ತೂಗುತ್ತಿದ್ದವು. ನಾನು ನಕ್ಷೆಯ ಮೇಲೆ ಬೆರಳಿಟ್ಟೆ.

"ತಮ್ಮಾ, ಪೆನ್ಸಿಲ್ ಐತೇನು ನಿನ್ನ ಹತ್ರ?" ಎಂದೆ. "ತಗೀ. ಗೆರಿ ಇಷ್ಟು ಆಚೀಕ ಎಳಿ, ಅಂಗಳಾನೂ ಒಳಗ ಬರ್ಲಿ."

ಹುಡುಗ ಬಾಯಿ ತೆರೆದು ನನ್ನನ್ನು ನೋಡಿದ. ಆಮೇಲೆ ಜಮಖಾನೆಯ ಮೇಲೆ ಕೂತು, ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು, ಹಳೆಯ ಗೆರೆಯನ್ನು ರಬ್ಬರಿನಿಂದ ಅಳಿಸತೊಡಗಿದ.